ಹೆಣದ ಮನೆಯ ಬಲಗಾಲಿನ ಬೂಟು

ನಾನು ಒಂದು ಗಮ್‌ಬೂಟು. ಕಪ್ಪು ರಬ್ಬರು, ಒಂಬತ್ತು ನಂಬರು, ಬಲಗಾಲು. ಕಾದ ರಬ್ಬರನ್ನು ಅಚ್ಚಿಗೆ ಹಾಕಿ ಒತ್ತಿ ನನ್ನನ್ನು ಮಾಡಿದರು. ಕಾರ್ಖಾನೆಯ ತುಂಬ ಗಂಧಕದ ನಾತ. ಹುಟ್ಟಿದ ಗಳಿಗೆಯಲ್ಲೇ ಮೂಗು ಮುಚ್ಚಿಕೊಳ್ಳಬೇಕೆನಿಸಿತು. ಬೂಟಿಗೆ ಕೈ ಎಲ್ಲಿಂದ ಬರಬೇಕು? ಎಡಗಾಲಿನದನ್ನು ನನ್ನ ಜೊತೆ ದಾರದಿಂದ ಕಟ್ಟಿ ಪೆಟ್ಟಿಗೆಗೆ ತುಂಬಿದರು. ನಮ್ಮ ಜೊತೆ ಹುಟ್ಟಿದವುಗಳಲ್ಲಿ ಕೆಲವು ಗದ್ದೆಗೆ ಹೋದವು, ಕೆಲವು ಹಾಲಿನ ಡೈರಿಗೆ. ನಾವು ಹೋದದ್ದು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯ ಶವಾಗಾರಕ್ಕೆ.

ಊರಿನವರು ಅದನ್ನು 'ಹೆಣದ ಮನಿ' ಎನ್ನುತ್ತಾರೆ. ಆಸ್ಪತ್ರೆಯ ಹಿಂದೆ, ಜಾಲಿ ಕಂಟಿಗಳ ನಡುವೆ ಒಂದೇ ಒಂದು ಕೋಣೆ. ನಡುವೆ ಕಲ್ಲಿನ ಮೇಜು, ಅದರ ಬುಡದಲ್ಲಿ ನೀರು ಹೋಗಲು ಒಂದು ಮೋರಿ. ಆ ಮೋರಿ ವಾರಕ್ಕೆ ನಾಲ್ಕು ದಿನ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡರೆ ಮೇಜಿನ ಮೇಲಿನದೆಲ್ಲ ನೆಲಕ್ಕೆ. ನೆಲದ ಮೇಲೆ ನಾನು. ಉಳಿದವರು ಕಣ್ಣು ತಿರುಗಿಸಿಕೊಳ್ಳಬಹುದು, ಬಾಗಿಲ ಹೊರಗೆ ನಿಲ್ಲಬಹುದು. ನನಗೆ ಆ ಸವಲತ್ತು ಇರಲಿಲ್ಲ.

ನನ್ನ ಮೊದಲ ಒಡೆಯ ದ್ಯಾಮಪ್ಪ, ಅಲ್ಲಿನ ಕೆಲಸಗಾರ. ಡಾಕ್ಟರು ನೋಡಿ ಬರೆಯುವವರು. ಕೊಯ್ಯುವುದು, ಹೊಲಿಯುವುದು, ತೊಳೆಯುವುದು ಇವನ ಪಾಲು. ಒಳ್ಳೆಯ ಮನುಷ್ಯನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಣ್ಣ ಮಗುವಿನ ಹೆಣ ಬಂದರೆ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದನಂತೆ. ನಾನು ಬರುವ ಹೊತ್ತಿಗೆ ಅಳು ನಿಂತಿತ್ತು, ಕುಡಿತ ಹತ್ತಿತ್ತು. ಬೆಳಿಗ್ಗೆ ಬಂದವನೇ ಸಾರಾಯಿ ಪಾಕೀಟಿನ ಮೂಲೆ ಹಲ್ಲಿನಿಂದ ಕಚ್ಚಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ. ಉಳಿದ ಪಾಕೀಟುಗಳನ್ನು ನಮ್ಮೊಳಗೆ ಬಚ್ಚಿಡುತ್ತಿದ್ದ. ನಮ್ಮನ್ನು ಅವನು ತೊಳೆದದ್ದು ನನಗೆ ನೆನಪಿಲ್ಲ. ಒಮ್ಮೆ ನನ್ನ ಅಂಗಾಲಿನ ಗೀರುಗಳಲ್ಲಿ ಹುಳು ಆದವು. ಆ ಹುಳುಗಳನ್ನು ಹೊತ್ತುಕೊಂಡೇ ಅವನು ಚಹಾದಂಗಡಿಯವರೆಗೆ ನಡೆದ. ಅಂಗಡಿಯವನು ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ದೂರ ಸರಿದ. ದ್ಯಾಮಪ್ಪ ನಕ್ಕ.

"ಮೂಗ ಸತ್ತು ವರ್ಷ ಆತು. ಮೂಗ ಸತ್ರ ಈ ಕೆಲಸ ಸಲೀಸು ನೋಡಪಾ."

ಸತ್ತದ್ದು ಮೂಗು ಮಾತ್ರ ಅಲ್ಲ. ಹೆಣಗಳನ್ನು ಕಾಲು ಹಿಡಿದು ಎಳೆಯತೊಡಗಿದ. ಹೊಲಿಗೆಯನ್ನು ಗೋಣಿಚೀಲಕ್ಕೆ ಹಾಕಿದಂತೆ ಹಾಕತೊಡಗಿದ. ನನಗೆ ಹೆಣದ ನಾತಕ್ಕಿಂತ ಅವನ ಬಾಯಿಯ ನಾತವೇ ಹೆಚ್ಚು ಹೇಸಿಗೆಯಾಗಿತ್ತು. ಕೊನೆಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಅದೇ ಆಸ್ಪತ್ರೆಯ ಮುಂಭಾಗದ ವಾರ್ಡಿನಲ್ಲಿ ತೀರಿಕೊಂಡ.

ಎರಡು ತಿಂಗಳ ಮೇಲೆ ಅವನ ಹೆಂಡತಿ ಫಕೀರವ್ವ ಬಂದಳು. ಗಂಡನ ಕೆಲಸವನ್ನು ಅನುಕಂಪದ ಮೇಲೆ ಅವಳಿಗೆ ಕೊಟ್ಟಿದ್ದರು. ಡಾಕ್ಟರ್ ಮುನವಳ್ಳಿ, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು, ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಕೇಳಿದರು.

"ವಾರ್ಡಿನ್ಯಾಗ ಆಯಾ ಕೆಲಸ ಖಾಲಿ ಆಗೂತನ ತಡೀತೀ ಏನವಾ?"

"ತಡದ್ರ ಮನ್ಯಾಗ ಒಲಿ ಹತ್ತೂದಿಲ್ರಿ ಸಾಹೇಬ್ರ. ಮಗಳು ಸಾಲಿಗೆ ಹೊಂಟಾಳ."

ಅವಳ ಕಾಲು ಆರು ನಂಬರಿನದು. ನಮ್ಮ ತುದಿಯೊಳಗೆ ಹಳೆಯ ಸೀರೆಯ ಚೂರು ತುರುಕಿ ಹಾಕಿಕೊಂಡಳು. ಮೊದಲ ದಿನವೇ ಬಂದದ್ದು ಬಾವಿಯಿಂದ ತೆಗೆದ ಹೆಣ, ಮೂರು ದಿನದ್ದು. ಬಟ್ಟೆ ಸರಿಸಿದ್ದೇ ತಡ, ಅವಳು ಬಗ್ಗಿದಳು. ತಿಂದಿದ್ದೆಲ್ಲ ನನ್ನ ಮೇಲೆ ಬಿತ್ತು. ಓಡಿಹೋಗಿ ಜಾಲಿಯ ಬುಡದಲ್ಲಿ ಕೂತು ಮತ್ತೆ ವಾಂತಿ ಮಾಡಿದಳು, ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ. ಆ ದಿನ ಡಾಕ್ಟರು ತಾವೇ ಹೊಲಿದರು.

ಮೂರು ವಾರ ಹೀಗೇ ನಡೆಯಿತು. ಅನ್ನ ಕಂಡರೆ ಓಕರಿಕೆ. ಹಗಲು ಕಣ್ಣು ಮುಚ್ಚಿದರೂ ಮೇಜಿನ ಮೇಲಿದ್ದವರೇ ಕಾಣುತ್ತಿದ್ದರು. ಒಂದು ಮಧ್ಯಾಹ್ನ ನಮ್ಮನ್ನು ಇಡುವ ಗೂಡು ಗುಡಿಸುವಾಗ ದ್ಯಾಮಪ್ಪ ಬಿಟ್ಟು ಹೋಗಿದ್ದ ಪಾಕೀಟು ಕೈಗೆ ಸಿಕ್ಕಿತು. ಬಾಗಿಲು ಮುಂದೆ ಮಾಡಿ, ಮೂಲೆಯಲ್ಲಿ ಕೂತು, ಹಲ್ಲಿನಿಂದ ಅದರ ಮೂಲೆ ಕಚ್ಚಿದಳು. ಮುಗಿಯಿತು, ಇವಳೂ ಹೋದಳು ಎಂದುಕೊಂಡೆ.

ನಾತ ಮೂಗಿಗೆ ಬಡಿಯಿತು. ಹದಿನಾರು ವರ್ಷ ಹಾಸಿಗೆಯ ಪಕ್ಕದಲ್ಲಿ ಉಂಡ ನಾತ. ಅವಳ ಮುಖ ಕಿವುಚಿತು. "ಥೂ!" ಎಂದು ಪಾಕೀಟನ್ನು ಮೋರಿಗೆ ಎಸೆದು, ಮೇಲೆ ಎರಡು ಕೊಡ ನೀರು ಸುರಿದಳು. ಅದನ್ನು ಗಟ್ಟಿ ಮನಸ್ಸು ಎಂದು ಯಾರೂ ಹೊಗಳಬೇಕಿಲ್ಲ. ಅವಳನ್ನು ಆ ದಿನ ಉಳಿಸಿದ್ದು ಬರೀ ಹೇಸಿಗೆ.

ಸಂಜೆ ಡಾಕ್ಟರ ಮುಂದೆ ನಿಂತು ಹೇಳಿದಳು. "ನನಗ ಧೈರ್ಯ ಇಲ್ರಿ. ಔಷಧ ಏನರ ಇದ್ರ ಕೊಡ್ರಿ."

ಡಾಕ್ಟರು ಬಹಳ ಹೊತ್ತು ಕೈಗೆ ಸಾಬೂನು ತಿಕ್ಕಿಕೊಳ್ಳುತ್ತಿದ್ದರು. "ಮೂವತ್ತು ವರ್ಷ ಆತವಾ ನಾ ಈ ಕೆಲಸಕ್ಕ ನಿಂತು. ಧೈರ್ಯ ಅಂದ್ರ ಏನಂತ ನನಗೂ ತಿಳಿದಿಲ್ಲ. ಕೆಲಸ ಮುಗೀತಂದ್ರ ಕೈ ತೊಳಕೊಂಡು ಕೆರಿ ಏರಿ ಮ್ಯಾಲ ಅರ್ಧ ತಾಸು ನಡೀತೀನಿ. ಮಳಿ ಬರಲಿ, ಬಿಸಲಿರಲಿ. ಬ್ಯಾಸರ ಆದ್ರೂ ನಡೀತೀನಿ. ಅಷ್ಟ. ನಿದ್ದಿ ಬರದಿದ್ರ ಬಂದು ಹೇಳು, ಗುಳಿಗಿ ಬರದು ಕೊಡ್ತೀನಿ, ಅದರಾಗ ನಾಚಿಕಿ ಏನಿಲ್ಲ. ಆದರ ನಿಂದೂ ದಿನಾ ನಡಸೂ ಪದ್ಧತಿ ಒಂದು ಮಾಡ್ಕೋ."

ಅವಳು ಮಾಡಿಕೊಂಡಳು. ಒಮ್ಮೆಲೇ ಅಲ್ಲ, ಒಂದೊಂದಾಗಿ. ಮೊದಲು ನಮ್ಮನ್ನು ತೊಳೆಯುವುದು. ಹಿಂಬದಿಯ ಕಲ್ಲಿನ ಮೇಲಿಟ್ಟು, ಫಿನಾಯಿಲು ಹಾಕಿ, ತೆಂಗಿನ ನಾರಿನಿಂದ ಗೀರುಗೀರಿಗೂ ತಿಕ್ಕಿ, ಬೋರಲು ಹಾಕಿ ಒಣಗಿಸುವುದು. ತಿಕ್ಕುವಾಗ ಆ ದಿನದ ಮಾತನ್ನೆಲ್ಲ ಬಾಯಿಬಿಟ್ಟು ಆಡುತ್ತಿದ್ದಳು, ಯಾರಿಗೆ ಎಂದು ಗೊತ್ತಿಲ್ಲ; ಕೇಳುತ್ತಿದ್ದವನು ನಾನು. ಹಾಗಾಗಿಯೇ ಅವಳ ಮನೆಯ ಸುದ್ದಿ ನನಗೆ ತಿಳಿದದ್ದು.

ಆಮೇಲೆ, ಕತ್ತರಿ ಹಿಡಿಯುವ ಮುಂಚೆ ಹೆಣದ ಹೆಸರನ್ನು ಪೊಲೀಸರ ಕಾಗದದಲ್ಲಿ ಓದಿಸಿಕೊಳ್ಳತೊಡಗಿದಳು. "ಯಲ್ಲಪ್ಪಣ್ಣ, ಸ್ವಲ್ಪ ತಡಕೋ" ಎಂದು ಹೇಳಿ ಕೆಲಸ ಶುರು ಮಾಡುವಳು. ಹೆಸರು ತಿಳಿಯದವರಿದ್ದರೆ "ಅಣ್ಣ" ಅಥವಾ "ಅಕ್ಕ". ಮನೆಗೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ಮಂಡಕ್ಕಿ ಭಟ್ಟಿಯ ಓಣಿ ಹಿಡಿಯುತ್ತಿದ್ದಳು. ಬಿಸಿ ಉಸುಕಿನಲ್ಲಿ ಅಕ್ಕಿ ಅರಳುವ ವಾಸನೆಗೆ ಮುಖ ಕೊಟ್ಟು, ನೂರು ಎಣಿಸುವಷ್ಟು ಹೊತ್ತು ನಿಂತು, ಆಮೇಲೆ ಮನೆ. ಹಸಿವು ಇರಲಿ ಬಿಡಲಿ, ಕುಳಿತು ಒಂದು ರೊಟ್ಟಿ ನಿಧಾನವಾಗಿ ಅಗಿಯುವುದು.

ಒಂದು ತಿಂಗಳಿಗೆ ಏನೂ ಆಗಲಿಲ್ಲ. ಎರಡನೇ ತಿಂಗಳು ವಾಂತಿ ನಿಂತಿತು. ಆರನೇ ತಿಂಗಳಿಗೆ ಹೊಲಿಗೆ ನೆಟ್ಟಗಾಯಿತು. ನಾತ ಮಾತ್ರ ಮೊದಲಿನಷ್ಟೇ ಬರುತ್ತಿತ್ತು. ಪ್ರತಿ ಬೆಳಿಗ್ಗೆ ಬಾಗಿಲು ತೆರೆದಾಗ ಅವಳ ಕಾಲಿನ ಬೆರಳುಗಳು ನನ್ನೊಳಗೆ ಮುದುಡಿಕೊಳ್ಳುತ್ತಿದ್ದವು. ಮುದುಡಿಕೊಂಡೇ ಒಳಗೆ ನಡೆಯುತ್ತಿದ್ದಳು.

ಹೊರಗಿನವರ ಹೇಸಿಗೆಗೆ ಮಾತ್ರ ಪದ್ಧತಿ ಇರಲಿಲ್ಲ. ಓಣಿಯ ನಲ್ಲಿಯಲ್ಲಿ ಪಕ್ಕದ ಮನೆಯ ಕಸ್ತೂರೆವ್ವ, ಫಕೀರವ್ವನ ಕೊಡ ತಾಗೀತೆಂದು ತನ್ನ ಕೊಡವನ್ನು ಮಾರುದೂರ ಎಳೆದುಕೊಳ್ಳುತ್ತಿದ್ದಳು. ಅದನ್ನಾದರೂ ನುಂಗಬಹುದಿತ್ತು. ಹದಿಮೂರು ವರ್ಷದ ಮಗಳು ನೀಲವ್ವ ಒಂದು ದಿನ ತಾಟು ಸರಿಸಿದಳು.

"ಅವ್ವಾ, ನೀ ರೊಟ್ಟಿ ಬಡೀಬ್ಯಾಡ. ನಿನ್ನ ಕೈ ನಾತ ಬರತೈತಿ."

ಇದನ್ನು ಹೇಳಿಕೊಂಡ ದಿನ ಫಕೀರವ್ವ ನನ್ನನ್ನು ತಿಕ್ಕಿದ ರಭಸಕ್ಕೆ ನನ್ನ ಮೈಯ ಹೊಳಪೇ ಹೋಯಿತು. ಮಗಳನ್ನು ಬೈಯಲಿಲ್ಲವಂತೆ. "ಹಂಗಾರ ನೀನ ಬಡಿ" ಎಂದು ಹಿಟ್ಟಿನ ಡಬ್ಬಿ ಮುಂದಿಟ್ಟಳಂತೆ. ಅಂದಿನಿಂದ ಮಗಳು ಬಡಿದ ಸೊಟ್ಟ ರೊಟ್ಟಿಯನ್ನೇ ನಿಧಾನವಾಗಿ ಅಗಿದಳು.

ಎರಡು ವರ್ಷ ಕಳೆಯಿತು. ಒಂದು ಸೋಮವಾರ ಬೆಳಿಗ್ಗೆ ಲಾರಿಗೆ ಸಿಕ್ಕ ಒಬ್ಬನನ್ನು ಚಾದರದಲ್ಲಿ ಗಂಟು ಕಟ್ಟಿಕೊಂಡು ತಂದರು. ಕಾಗದ ಓದಿ ಹೇಳಿದಾಗ ಫಕೀರವ್ವನ ಕಾಲು ನೆಟ್ಟಗೆ ನಿಂತುಬಿಟ್ಟಿತು. ಕಸ್ತೂರೆವ್ವನ ಗಂಡ. ಹೊರಗೆ ಕಸ್ತೂರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ತಂಗೀ, ಮಣ್ಣು ಮಾಡೂಕಿಂತ ಮುಂಚೆ ಮಕ ಒಂದು ನೋಡೂ ಹಂಗ ಮಾಡಿ ಕೊಡವಾ. ನಿನ್ನ ಕಾಲಿಗಿ ಬೀಳ್ತೀನಿ."

ಎರಡು ವರ್ಷದಲ್ಲಿ ಆ ಬಾಯಿಂದ 'ತಂಗಿ' ಬಂದದ್ದು ಅಂದೇ. ಫಕೀರವ್ವ ಒಳಗೆ ಬಂದು ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತ ನಿಂತಳು. ಡಾಕ್ಟರು ಮೆಲ್ಲಗೆ ಅಂದರು, "ಮಕ ಉಳದಿಲ್ಲ. ಹಂಗ ಕಟ್ಟಿ ಕೊಟ್ರ ಯಾರೂ ನಿನಗ ಏನೂ ಅನ್ನೂದಿಲ್ಲ."

ನಾನಾಗಿದ್ದರೆ ಕಟ್ಟಿಯೇ ಕೊಡುತ್ತಿದ್ದೆ. ಅವಳ ಮನಸ್ಸಿನಲ್ಲೂ ಅದೇ ಇತ್ತು. ಆ ಸಂಜೆ ತಾನೇ ಒಪ್ಪಿಕೊಂಡಳು. ಆದರೆ ಬಾಯಿಗೆ ರೂಢಿಯಾಗಿತ್ತಲ್ಲ, "ಸೋಮನಗೌಡಣ್ಣ, ಸ್ವಲ್ಪ ತಡಕೋ" ಎಂದುಬಿಟ್ಟಿತು. ಹೆಸರು ಕರೆದ ಮೇಲೆ ಕೈ ತಾನಾಗಿ ಸೂಜಿ ಹಿಡಿಯಿತು. ಮೂರು ತಾಸು ಬೇಕಾಯಿತು. ತಲೆಯೊಳಗೆ ಹತ್ತಿ ತುಂಬಿ ಆಕಾರ ತಂದಳು, ಹಣೆಯ ತೊಗಲನ್ನು ಸಣ್ಣ ಹೊಲಿಗೆಯಲ್ಲಿ ಕೂಡಿಸಿದಳು, ರಕ್ತ ಒರೆಸಿ ಮೀಸೆ ಬಾಚಿದಳು. ಕಸ್ತೂರೆವ್ವ ಒಳಗೆ ಬಂದು ಗಂಡನ ಮುಖ ನೋಡಿ, ಫಕೀರವ್ವನ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡು ಅತ್ತಳು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಹದಿನಾಲ್ಕನೆಯ ದಿನ ನಲ್ಲಿಯ ಹತ್ತಿರ ಕಸ್ತೂರೆವ್ವ ತನ್ನ ಕೊಡವನ್ನು ಮತ್ತೆ ಮಾರುದೂರ ಎಳೆದುಕೊಂಡಳು. ಹೆಣಕ್ಕೆ ನಾತ ಬರುವುದು ಸಹಜ. ಬದುಕಿದವರ ಈ ನಾತಕ್ಕೆ ಯಾವ ಫಿನಾಯಿಲು?

ಅಂದು ಮಧ್ಯಾಹ್ನ ಫಕೀರವ್ವ ನಮ್ಮನ್ನು ಕಲ್ಲಿನ ಮೇಲಿಟ್ಟು ಸುಮ್ಮನೆ ಕೂತಿದ್ದಳು. ನಾರು ಕೈಯಲ್ಲಿ, ಕೈ ಮಡಿಲಲ್ಲಿ. ತೊಳೆಯದೆ ಎದ್ದು ಹೋಗುತ್ತಾಳೆ ಎಂದು ಮೊದಲ ಸಲ ನನಗೆ ಹೆದರಿಕೆಯಾಯಿತು. ಆಗ ಜಾಲಿ ಕಂಟಿಯ ಸಂದಿಯಿಂದ ನೀಲವ್ವ ಬಂದಳು. ಹೆಣದ ಮನೆಯ ಹತ್ತಿರ ಅವಳು ಸುಳಿದದ್ದೇ ಇಲ್ಲ. ಸೆರಗಿನಂತೆ ಓಢಣಿಯನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಮುಂಜಾನೆ ಉಣಲಾರದ ಬಂದೀ. ರೊಟ್ಟಿ ತಂದೀನಿ."

"ನೀ ಯಾಕ ಬಂದಿ ಇಲ್ಲಿ?"

"ನಲ್ಲಿ ಕಡೆ ನಾನೂ ಇದ್ನಲ್ಲ. ನೋಡೇನಿ." ನೀಲವ್ವ ಸ್ವಲ್ಪ ಹೊತ್ತು ನೆಲ ಕೆದಕಿದಳು. "ನಾನೂ ಹಂಗ ಮಾಡೀನಿ ನಿನಗ."

ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಡಗಾಲಿನ ಬೂಟನ್ನು ಎರಡು ಬೆರಳಲ್ಲಿ ಎತ್ತಿದಳು.

"ಥೂ! ಅವ್ವಾ, ಎಂಥಾ ಹೊಲಸು ನಾತಬೇ!"

"ಹೂಂ, ಬರತೈತಿ. ಅಂಗಾಲ ಗೀರಿನ್ಯಾಗ ತಿಕ್ಕು."

ಮುಖ ಕಿವುಚಿಕೊಂಡೇ ಹುಡುಗಿ ತಿಕ್ಕಿದಳು. ತಾಯಿ ನನ್ನನ್ನು ತಿಕ್ಕಿದಳು. ಆಮೇಲೆ ಕೈಗೆ ಮೂರು ಸಲ ಸಾಬೂನು ಹಾಕಿ, ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಕೈಚಾಚಿದಳು. ನೀಲವ್ವ ಒಂದು ಕ್ಷಣ ತಡೆದಳು. ಬಾಯಿ ತೆರೆದು ತಿಂದಳು.

ಆಮೇಲೆ ನಾನು ಐದು ವರ್ಷ ದುಡಿದೆ. ಹಿಮ್ಮಡಿಯಲ್ಲಿ ಸೀಳು ಬಿಟ್ಟು ಒಳಗೆ ಒಸರತೊಡಗಿದಾಗ ಹೊಸ ಜೋಡು ಬಂತು, ಆರು ನಂಬರಿನದೇ. ನಮ್ಮನ್ನು ಗುಜರಿಯ ಮೂಲೆಗೆ, ಕಾಲು ಮುರಿದ ಮಂಚಗಳ ಸಂದಿಗೆ ಎಸೆದರು. ನನ್ನ ಮೇಲೆ ನಾಯಿ ಉಚ್ಚೆ ಹೊಯ್ಯುತ್ತದೆ. ದಾರಿಹೋಕರು ಎಲೆಅಡಿಕೆ ಉಗುಳುತ್ತಾರೆ. ಮುಪ್ಪಿಗೆ ನೆಮ್ಮದಿ ಬರುತ್ತದೆ ಎಂದವರು ಗುಜರಿ ಕಂಡವರಲ್ಲ.

ಎಲ್ಲವನ್ನೂ ಮುಟ್ಟಿದ ಮೇಲೂ ನನ್ನ ಹೇಸಿಗೆ ಹೋಗಿಲ್ಲ, ಹೋಗುವುದೂ ಬೇಡ. ಗಟ್ಟಿ ಮನಸ್ಸು ಎಂದರೆ ಕಲ್ಲಾದ ಮನಸ್ಸು ಎಂದು ದ್ಯಾಮಪ್ಪ ತಿಳಿದಿದ್ದ. ಅವನ ಹೆಂಡತಿ ದಿನಾ ಮೈಲಿಗೆಯಾಗುವ ಮನಸ್ಸನ್ನು ದಿನಾ ತೊಳೆದು ಒಣಗಿಸಿದಳು.

ಮಳೆಗಾಲದಲ್ಲಿ ನನ್ನೊಳಗೆ ನೀರು ನಿಂತು ಸೊಳ್ಳೆಮರಿ ಹುಟ್ಟುತ್ತವೆ, ಮೈಯೆಲ್ಲ ಮಿಜಿಮಿಜಿ ಅನ್ನುತ್ತದೆ. ಶನಿವಾರಕ್ಕೊಮ್ಮೆ ಫಕೀರವ್ವ ಈ ಕಡೆ ಬರುತ್ತಾಳೆ. ನಾನು ಯಾರೆಂದು ಅವಳಿಗೆ ನೆನಪಿದೆಯೋ ಇಲ್ಲವೋ. ಮೂಗಿಗೆ ಸೆರಗು ಹಿಡಿದು, ಕೋಲಿನಿಂದ ನನ್ನನ್ನು ಉರುಳಿಸಿ, ನೀರು ಚೆಲ್ಲಿ, ಬೋರಲು ಹಾಕಿ ಮುಂದೆ ಹೋಗುತ್ತಾಳೆ.