ಚಪ್ಪಟೆ ಹನಿ

ನನ್ನ ಸೊಸೆ ಮೋಹಿದಿಲ್‌ಗೆ ಒಂದು ಹುಚ್ಚು. ಬೆಳಕು ಹರಿಯುವ ಮೊದಲೇ ಎದ್ದು ಅಂಗಳಕ್ಕೂ ಬೀದಿಬಾಗಿಲಿಗೂ ನೀರು ಚಿಮುಕಿಸಿ ಗುಡಿಸುವುದು ನಮ್ಮ ನಮಂಗಾನ್‌ ಊರಿನಲ್ಲಿ ಸೊಸೆಯರ ಪಾಲಿನ ಕೆಲಸ. ಅದನ್ನವಳು ಚೊಕ್ಕವಾಗಿಯೇ ಮಾಡುತ್ತಾಳೆ, ಸುಳ್ಳೇಕೆ ಹೇಳಲಿ? ಆದರೆ ಕೆಲಸ ಮುಗಿದದ್ದೇ ಪೊರಕೆಯನ್ನು ಗೋಡೆಗೆ ಒರಗಿಸಿ, ಮೊಬೈಲಿಗೆ ಅಂಗಿಗುಂಡಿಯಷ್ಟು ಚಿಕ್ಕದೊಂದು ಮಸೂರ ಸಿಕ್ಕಿಸಿಕೊಂಡು, ಗುಲಾಬಿ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಾಳೆ. ಎಲೆಯ ಮೇಲಿನ ನೀರಹನಿಯ ಫೋಟೋ ತೆಗೆಯುವುದಕ್ಕೆ! ಹನಿಯೊಳಗೆ ಹಿಂದಿನ ಹೂವು ತಲೆಕೆಳಗಾಗಿ ಕಾಣುತ್ತದಂತೆ. ಉಸಿರು ತಾಗಿದರೂ ಹನಿ ಅಲ್ಲಾಡುತ್ತದೆಂದು ಉಸಿರನ್ನೂ ಬಿಗಿಹಿಡಿದಿರುತ್ತಾಳೆ.

"ಏನೇ, ಹೂವಿನ ಕಿವೀಲಿ ಗುಟ್ಟು ಹೇಳ್ತಿದೀಯಾ? ಅಲ್ಲಿ ಹಾಲು ಉಕ್ಕಿ ಒಲೆಗೆ ಹೋಯ್ತು!" ಎಂದು ನಾನು ಕೂಗಿದ್ದು ಒಂದೆರಡು ಸಲವಲ್ಲ.

"ಇನ್ನೊಂದೇ ಒಂದು, ಓಯಿಜಾನ್," ಅನ್ನುತ್ತಾಳೆ. ಅತ್ತೆಯನ್ನು ಹೆತ್ತಮ್ಮನನ್ನು ಕರೆದಂತೆ ಕರೆದರೆ ಬೈಯುವುದಾದರೂ ಹೇಗೆ?

ಆ ಗುಲಾಬಿಗಳು ನಮ್ಮ ಯಜಮಾನರು ಎರ್ಗಶಲಿಯವರ ಪ್ರಾಣ. ಚಹಾದಂಗಡಿಯಲ್ಲಿ ಕೂತು, "ನನ್ನ ಗಿಡಕ್ಕೆ ಒಂದು ತೊಟ್ಟು ಔಷಧಿ ಮುಟ್ಟಿಸಿದವನಲ್ಲ ನಾನು. ನೀರು, ಪ್ರೀತಿ, ಅಷ್ಟೇ" ಎಂದು ಊರಿಗೆಲ್ಲ ಡಂಗುರ ಸಾರುವವರು. ಈ ಮೇ ತಿಂಗಳಲ್ಲಿ ಮೊಗ್ಗಿನ ತುಂಬ ಹಸಿರು ಹೇನು ಹತ್ತಿತು. ಪ್ರೀತಿಗೆ ಹೇನು ಸಾಯುತ್ತದೆಯೇ? ಅದೂ ಯಾವಾಗ? ತೋಜಿದ್ದೀನ್ ಹಾಜಿಯವರು ನಮ್ಮ ಮನೆಗೆ ರೊಟ್ಟಿ ಮುರಿಯಲು ಬರುವ ವಾರ.

ಹಾಜಿಯವರ ಮೊಮ್ಮಗನಿಗೆ ನಮ್ಮ ಮಗಳು ಓಯ್ಸನಮಳನ್ನು ಕೇಳಿದ್ದರು. ಹಿರಿಯರು ಎರಡು ರೊಟ್ಟಿ ಜೋಡಿಸಿ ಹಿಡಿದು ಮುರಿದರೆ ಮಾತು ಮುಗಿದ ಹಾಗೆ, ಅಲ್ಲಿಂದಾಚೆಗೆ ಅವರು ಬೀಗರು. ಹೋದ ವರ್ಷ ಅವಳಿಗೆ ಬಂದಿದ್ದ ಸಂಬಂಧವೊಂದು ರೊಟ್ಟಿ ಮುರಿಯುವ ಮುನ್ನಾದಿನ ತಪ್ಪಿಹೋಗಿ, ಬೀದಿಯ ನಾಲಿಗೆಗಳಿಗೆಲ್ಲ ಹಬ್ಬವಾಗಿತ್ತು. ಇದೂ ತಪ್ಪಿದರೆ ಹುಡುಗಿ ಮತ್ತೆ ತಲೆಯೆತ್ತುವಂತಿರಲಿಲ್ಲ. ಮೇಲಾಗಿ ಹಾಜಿಯವರಿಗೆ ಸುಳ್ಳು ಕಂಡರೆ ಆಗದು. ತಮ್ಮನೊಬ್ಬ ಸುಳ್ಳು ಹೇಳಿದನೆಂದು ಅವನ ಹೊಸಿಲು ತುಳಿಯುವುದನ್ನೇ ಬಿಟ್ಟ ಮನುಷ್ಯ.

ಬಿಸಿಲೇರುವ ಮೊದಲೇ ಬರುತ್ತೇವೆಂದು ಹೇಳಿ ಕಳಿಸಿದ್ದರು, ಹಾಗೆಯೇ ಬಂದರು. ದ್ರಾಕ್ಷಿ ಚಪ್ಪರದ ಕೆಳಗಿನ ದೊಡ್ಡ ಮಂಚದ ಮೇಲೆ ಗಂಡಸರು ಕೂತರು. ನಾನು ತಂದೂರಿನಿಂದ ಮಾಂಸ ತುಂಬಿದ ಸೊಮ್ಸಾ ತೆಗೆದು, ಗುಲಾಬಿಯ ಬುಡದ ಪಾತಿಯಿಂದ ಕಾಮಕಸ್ತೂರಿ, ಕೊತ್ತಂಬರಿ, ಈರುಳ್ಳಿ ಎಲೆಗಳನ್ನು ಕೈತುಂಬ ಕಿತ್ತು ಬಟ್ಟಲಿಗೆ ಹಾಕಿದೆ. ಎಲೆಯ ಮೇಲೆ ಇನ್ನೂ ಹನಿ ಇತ್ತು. ಸೊಸೆ ನೀರು ಚಿಮುಕಿಸಿದ್ದಾಳೆ, ಮತ್ತೆ ತೊಳೆಯುವುದೇಕೆ? ಹನಿ ಆರದ ಸೊಪ್ಪನ್ನು ಅತಿಥಿಯ ಮುಂದೆ ಇಡುವುದೇ ನಮ್ಮಲ್ಲಿ ಮರ್ಯಾದೆ. ನಾನೇ ಕೊಂಡೊಯ್ದು ರೊಟ್ಟಿಯ ಪಕ್ಕ ಇಟ್ಟು ಬಂದೆ.

ಅಡುಗೆಮನೆಗೆ ಬಂದರೆ ಮೋಹಿದಿಲ್ ಕೈಯಲ್ಲಿ ಮೊಬೈಲು ಹಿಡಿದು ನಿಂತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು.

"ಇವತ್ತಾದ್ರೂ ಅದನ್ನ ಆಚೆ ಬಿಸಾಕೇ ಮಾರಾಯ್ತಿ! ಚಹಾ ಯಾರು ಕೊಡ್ಬೇಕು, ನಿಮ್ಮಪ್ಪನಾ?"

"ಓಯಿಜಾನ್, ಆ ಸೊಪ್ಪು ಯಾವ ಪಾತೀದು?"

"ಗುಲಾಬಿ ಬುಡದ್ದು. ಯಾಕೆ?"

ಅವಳ ಮುಖ ಸುಣ್ಣದಂತಾಯಿತು. "ಆ ಕಡೆ ನಾನಿನ್ನೂ ನೀರೇ ಹಾಕಿಲ್ಲ. ತಂದೂರಿಗೆ ಬೆಂಕಿ ಮಾಡೋಕೆ ಹೋದೆ. ಹೋಗ್ತಾ ಹನಿ ಕಾಣ್ತು ಅಂತ ಒಂದು ಫೋಟೋ ತೆಗೆದೆ. ಈಗ ದೊಡ್ಡದು ಮಾಡಿ ನೋಡ್ದೆ. ನೀವೂ ನೋಡಿ."

ನೋಡಿದೆ. ಎಲೆ, ಅದರ ಮೇಲೆ ಹನಿ. ನನ್ನ ಕಣ್ಣಿಗೆ ಎಲ್ಲ ಹನಿಯೂ ಒಂದೇ.

"ನೀರಾದ್ರೆ ಗುಲಾಬಿ ಎಲೆ ಮೇಲೆ ಮಣಿ ಹಂಗೆ ಗುಂಡಗೆ ನಿಲ್ಲತ್ತೆ ಓಯಿಜಾನ್, ದಿನಾ ನೋಡ್ತೀನಲ್ಲ. ಇದು ಚಪ್ಪಟೆ ಆಗಿ ಹರಡಿದೆ, ಸೋಪಿನ ನೀರು ಹರಡ್ದಂಗೆ. ಇಲ್ಲಿ ಹೇನುಗಳು, ಎಲ್ಲಾ ಸತ್ತಿವೆ. ಇರುವೇನೂ ಸತ್ತಿದೆ. ಯಾರೋ ಏನೋ ಹೊಡೆದಿದಾರೆ."

ಯಾರೋ ಎಂದಳು. ಮಾವನ ಹೆಸರೆತ್ತುವ ಹುಡುಗಿಯಲ್ಲ ಅವಳು. ಆದರೆ ಮನೆಯಲ್ಲಿ ಗಿಡ ಮುಟ್ಟುವ ಇನ್ನೊಂದು ಪ್ರಾಣಿ ಯಾವುದಿದೆ? ಬೆಳಗಿನ ನಮಾಜು ಮುಗಿಸಿ ಯಜಮಾನರು ಹಿತ್ತಲ ಕಡೆ ಹೋದವರು ಬಹಳ ಹೊತ್ತು ಕಾಣದಿದ್ದದ್ದು ನೆನಪಾಯಿತು. ತಂದೂರಿನ ಹೊಗೆಯಲ್ಲಿ ಯಾವ ವಾಸನೆಯೂ ತಿಳಿದಿರಲಿಲ್ಲ.

ಬಾಗಿಲ ಮರೆಯಿಂದ ಇಣುಕಿದೆ. ಟಗರಿನ ಹಾಗೆ ಸೊಪ್ಪು ಮೇಯುವ ನಮ್ಮ ಯಜಮಾನರು ಒಂದೇ ಒಂದು ಎಲೆ ಮುಟ್ಟಿರಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದರು. ಬೆಳಗಿನ ತಂಪಿನಲ್ಲೂ ಹಣೆಯ ಮೇಲೆ ಬೆವರು. ಗೊತ್ತು, ಇವರಿಗೆ ಗೊತ್ತು! ಔಷಧಿ ಹೊಡೆದದ್ದೂ ಗೊತ್ತು, ಈಗ ಮುಂದಿರುವುದು ಆ ಬುಡದ ಸೊಪ್ಪೇ ಎಂದೂ ಗೊತ್ತು. ಬಾಯಿ ಬಿಡಲಾರರು, ಏಕೆಂದರೆ ಹಾಜಿಯವರು ಅದೇ ಗಳಿಗೆಯಲ್ಲಿ ಹೂವುಗಳ ಕಡೆ ಕೈ ತೋರಿಸಿ ಕೇಳುತ್ತಿದ್ದರು:

"ಒಂದು ಹುಳ ಇಲ್ವಲ್ಲ ಎರ್ಗಶಲಿ! ನಿಜ ಹೇಳಿ, ಏನು ಹೊಡೀತೀರಿ?"

"ಏನೂ ಇಲ್ಲ ಹಾಜಿ ತಾತ. ಬರೀ ನೀರು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜಾತಿ ನನ್ನ ಗಂಡ. ಹಾಜಿಯವರು ರೊಟ್ಟಿಗಳನ್ನು ಕೈಗೆತ್ತಿಕೊಂಡರು. ಮುರಿದದ್ದೇ ತಡ, ಮೊದಲ ತುಂಡಿಗೆ ಸೊಪ್ಪು ಸುತ್ತಿ ಎಲ್ಲರೂ ಬಾಯಿಗೆ ಹಾಕಿಕೊಳ್ಳುತ್ತಾರೆ.

ಗಂಡಸರ ಪಂಕ್ತಿಗೆ ಹೆಂಗಸು ನುಗ್ಗುವ ರೂಢಿ ಇಲ್ಲ. ನಾನು ನುಗ್ಗಿದೆ.

"ಸ್ವಲ್ಪ ತಡೀರಿ ಹಾಜಿ ತಾತ. ಆ ಸೊಪ್ಪು ಹಳೇದು, ಬೇರೆ ತರ್ತೀನಿ."

"ಹನಿ ಆರಿಲ್ಲ, ಹಳೇದಂತೆ!" ಎಂದು ಯಾರೋ ನಕ್ಕರು.

"ಬೇಡಮ್ಮಾ, ಇದೇ ಚೆನ್ನಾಗಿದೆ," ಎಂದರು ಹಾಜಿಯವರು.

ಯಜಮಾನರ ಕಣ್ಣಿಗೆ ಕಣ್ಣಿಟ್ಟು ಕೇಳಿದೆ. "ರೀ, ಬೆಳಿಗ್ಗೆ ಗಿಡಕ್ಕೆ ಏನಾದ್ರೂ ಹೊಡೆದ್ರಾ?"

ಎಲ್ಲರೂ ಅವರ ಮುಖ ನೋಡಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಗಳಿಗೆಯ ಹಿಂದೆ ಹೇಳಿದ್ದನ್ನು ನುಂಗುವುದು ಹೇಗೆ?

"ಹುಚ್ಚು ಹಿಡೀತಾ ನಿಂಗೆ?" ಎಂದು ನಗಲು ನೋಡಿದರು. "ನೋಡಿ, ನಾನೇ ತಿಂತೀನಿ." ಒಂದು ಹಿಡಿ ಕಾಮಕಸ್ತೂರಿ ತೆಗೆದು ಬಾಯಿಗೆ ತುರುಕಿ, ಎಲ್ಲರ ಮುಂದೆ ಅಗಿದು ನುಂಗಿದರು.

ಯಾ ಖುದಾ! ಉಳಿದವರು ಹಗುರಾಗಿ ನಕ್ಕರು. ಹಾಜಿಯವರ ಪಕ್ಕದವನು ಬಟ್ಟಲಿಗೆ ಕೈ ಚಾಚಿಯೇ ಬಿಟ್ಟ. ಆಮೇಲೆ ನಾನು ಯೋಚಿಸಲಿಲ್ಲ. ಊಟ ಹರಡಿದ್ದ ಹಾಸುಬಟ್ಟೆಯ ತುದಿ ಹಿಡಿದು ಎಲ್ಲವನ್ನೂ ಜಗ್ಗಿ ಎಳೆದೆ. ಚಹಾ ಚೆಲ್ಲಿತು, ಸೊಮ್ಸಾ ಉರುಳಿದವು, ಹಾಜಿಯವರ ಕೈಯಿಂದ ರೊಟ್ಟಿ ಜಾರಿ ನೆಲಕ್ಕೆ ಬಿದ್ದು ಬೋರಲಾಯಿತು.

ರೊಟ್ಟಿ ಬೋರಲು ಬೀಳುವುದು ನಮ್ಮಲ್ಲಿ ದೊಡ್ಡ ಅಪಶಕುನ, ಅದನ್ನು ಕಂಡು ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡರು. ಒಳಗಿನ ಕಿಟಕಿಯ ಹಿಂದೆ ಓಯ್ಸನಮ್ ಅತ್ತದ್ದು ನನಗೆ ಕೇಳಿಸಿತು. ಮಗಳ ಬಾಳಿಗೆ ನನ್ನ ಕೈಯಾರೆ ಕಲ್ಲು ಹಾಕಿದೆನಲ್ಲ! ಹಾಜಿಯವರು ಎದ್ದು ನಿಂತರು.

"ತಪ್ಪು ತಿಳೀಬೇಡಿ ಹಾಜಿ ತಾತ," ಎಂದು ಯಜಮಾನರು ಏಳಲು ಹೋದರು. ಏಳಲಾಗಲಿಲ್ಲ. ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬರಿಗೈಯಲ್ಲಿ, ಮೂಗಿಗೊಂದು ಬಟ್ಟೆಯೂ ಇಲ್ಲದೆ ಹೊಡೆದಿದ್ದರೆಂದು ಆಮೇಲೆ ತಿಳಿಯಿತು. ವಿಷ ಆಗಲೇ ಮೈಗೆ ಇಳಿದಿತ್ತು, ತಿಂದದ್ದು ಅದರ ಮೇಲೆ ಸೇರಿತ್ತು. ಪಕ್ಕಕ್ಕೆ ವಾಲಿ ಮಂಚದ ಮೇಲೆ ಬಿದ್ದರು.

ಮೋಹಿದಿಲ್ ಆಗಲೇ ಆಂಬುಲೆನ್ಸಿಗೆ ಫೋನು ಹಚ್ಚಿದ್ದಳು. ಮಾವನ ಮುಂದೆ ಒಮ್ಮೆಯೂ ದನಿಯೆತ್ತದವಳು, ಅಂಗಳದ ನಡುವೆ ನಿಂತು ಕೂಗಿದಳು. "ಹೊರಟಿದಾರಂತೆ! ಯಾವ ಔಷಧಿ ಅಂತ ಕೇಳ್ತಿದಾರೆ. ಬೇರೆ ಬೇರೆ ವಿಷಕ್ಕೆ ಬೇರೆ ಬೇರೆ ಮದ್ದಂತೆ. ಶೀಷೆ ಬೇಕಂತೆ, ಓಯಿಜಾನ್!"

ನಾನು ಅವರ ಭುಜ ಹಿಡಿದು ಅಲುಗಿಸಿದೆ. "ಶೀಷೆ ಎಲ್ಲಿದೆ? ಹೇಳ್ರೀ!"

ಅವರ ಕಣ್ಣು ನನ್ನನ್ನು ದಾಟಿ ಹಾಜಿಯವರ ಮೇಲೆ ನಿಂತಿತು. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ಏನೂ... ಹೊಡೆದಿಲ್ಲ," ಎಂದರು.

"ಸಾಯ್ತೀರಾ! ಮಾನಕ್ಕೋಸ್ಕರ ಸಾಯ್ತೀರಾ? ನಿಮ್ಮ ಮಾನ ತಗೊಂಡು ನಾನು ಏನು ಉಪ್ಪಿನಕಾಯಿ ಹಾಕ್ಲಾ?" ಎಂದು ಎದೆ ಹೊಡೆದುಕೊಂಡು ಅತ್ತೆ. ಅವರು ಬಾಯಿ ಬಿಗಿದುಕೊಂಡು ಮುಖ ಆಚೆ ತಿರುಗಿಸಿದರು. ಅವರಿಗೆ ನಾಚಿಕೆ, ಸಾವಿಗಿಂತ ದೊಡ್ಡ ನಾಚಿಕೆ. ಅದನ್ನು ಮುರಿಯುವುದು ಹೆಂಡತಿಯ ಕೈಲಿ ಇರಲಿಲ್ಲ.

ಹಾಜಿಯವರು ನನ್ನನ್ನು ಪಕ್ಕಕ್ಕೆ ಸರಿಸಿದರು. ಮಂಚದ ಮೇಲೆ ಮಂಡಿಯೂರಿ, ಯಜಮಾನರ ತಲೆಯನ್ನು ತಮ್ಮ ತೊಡೆಗೆ ಎತ್ತಿಕೊಂಡು, ನಡುವಿಗೆ ಕಟ್ಟಿದ್ದ ಕಸೂತಿ ವಸ್ತ್ರ ಬಿಚ್ಚಿ ಅವರ ಬಾಯಿ ಒರೆಸಿದರು.

"ಬೀಗರೇ," ಎಂದರು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಯಾರೂ ರೊಟ್ಟಿ ಮುರಿದಿರಲಿಲ್ಲ.

"ಬೀಗರ ಮುಂದೆ ಯಾರಾದ್ರೂ ನಾಚ್ಕೋತಾರಾ? ಮೊಮ್ಮಗನ ಮದ್ವೇಲಿ ನೀವು ನನ್ನ ಪಕ್ಕ ಕೂತಿರ್ಬೇಕು. ಹೇಳಿ ಬೀಗರೇ, ಶೀಷೆ ಎಲ್ಲಿ?"

ಯಜಮಾನರ ಕಣ್ಣಿನಿಂದ ನೀರು ಹರಿದು ಹಾಜಿಯವರ ತೊಡೆ ತೋಯಿಸಿತು.

"ಕೋಳಿಗೂಡಿನ ಹಿಂದೆ," ಎಂದರು. ಮೋಹಿದಿಲ್ ಓಡಿದಳು.