ಅದಲುಬದಲಿನ ದಿನ

ನೆಲ ತಣ್ಣಗಿದೆ, ಜಮಖಾನ ಹಾಸಿದ್ದರೂ ಆ ತಣುಪು ಮಂಡಿಯವರೆಗೆ ಏರುತ್ತಿದೆ, ಬೆಳಿಗ್ಗೆ ಬಟ್ಟೆ ಒಗೆದು, ಡಬ್ಬಿ ಕಟ್ಟಿ, ಮಗಳಿಗೆ ಜಡೆ ಹಾಕಿ ಓಡಿಬಂದ ಸೊಂಟ ಇದು, ಚಕ್ಕಳಮಕ್ಕಳ ಹಾಕಿ ಕೂತರೆ ಏಳುವಾಗ ಯಾರಾದರೂ ಕೈ ಕೊಡಬೇಕು, ಆದರೂ ಇವತ್ತು ಅದಲುಬದಲಿನ ದಿನ, ಟೀಚರುಗಳೆಲ್ಲ ಮಕ್ಕಳ ಹಾಗೆ ನೆಲದ ಮೇಲೆ, ನನ್ನ ಐದನೇ ಕ್ಲಾಸಿನ ಮಕ್ಕಳು ಟೀಚರುಗಳಾಗಿ ವೇದಿಕೆಯ ಮೇಲೆ, ವರ್ಷಕ್ಕೊಂದೇ ದಿನ, ಇದಕ್ಕಾಗಿ ಮಕ್ಕಳು ವರ್ಷವೆಲ್ಲ ಕಾಯುತ್ತಾರೆ, ನಾನೂ ಕಾಯುತ್ತೇನೆ. ಸ್ವಲ್ಪ ಜರುಗೇ, ಕಾಲು ಜೋಮು ಹಿಡೀತು ಅನ್ನುತ್ತಾಳೆ ಪಕ್ಕದಲ್ಲಿ ಕೂತ ಇವಳು, ಜರುಗುತ್ತೇನೆ, ಇವಳಿಗೆ ಜರುಗಿ ಕೊಡುವುದು ಅಭ್ಯಾಸವಾಗಿಹೋಗಿದೆ, ಈಗ ಹೆಡ್ ಮಿಸ್ ಆದರೂ ಆಗ ನನ್ನ ಹಾಗೇ ಬರೀ ಟೀಚರು, ಒಂದೇ ಬೀರು, ಒಂದೇ ಕೊಡೆ, ಈ ಅದಲುಬದಲನ್ನು ಹುಟ್ಟುಹಾಕಿದ್ದೂ ನಾವಿಬ್ಬರೇ — ಪರೀಕ್ಷೆ ಮುಗಿದ ಒಂದು ಮಧ್ಯಾಹ್ನ ಮಕ್ಕಳು ಚಾವಣಿ ಹಾರಿಹೋಗುವ ಹಾಗೆ ಕಿರುಚುತ್ತಿದ್ದಾಗ ಇವಳು ಒಂದು ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, ತಗೋಮ್ಮ, ಪಾಠ ನೀನೇ ಮಾಡು, ಗಲಾಟೆ ನಾವು ಮಾಡ್ತೀವಿ ಅಂತ ನೆಲದ ಮೇಲೆ ಕೂತೇಬಿಟ್ಟಳು, ನನ್ನನ್ನೂ ಎಳೆದು ಕೂರಿಸಿದಳು. ಆ ಹುಡುಗಿ ಥೇಟು ನನ್ನ ಹಾಗೆ ಸೀಮೆಸುಣ್ಣವನ್ನು ತುರುಬಿಗೆ ಸಿಕ್ಕಿಸಿಕೊಂಡು ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕಿದಳು, ನಕ್ಕು ನಕ್ಕು ಇವಳು ನನ್ನ ಹೆಗಲಿಗೆ ಒರಗಿದ್ದಳು. ಮರುವರ್ಷ ನಿಯಮ ಮಾಡಿದ್ದು ನಾನು, ನೋಡಿದ್ದನ್ನ ಮಾಡಿ, ಕೇಳಿದ್ದನ್ನ ಹೇಳಿ, ಕೈಯಿಂದ ಏನೂ ಸೇರಿಸಬೇಡಿ, ಸೇರಿಸಿದರೆ ಅದು ಅಣಕ, ಸೇರಿಸದಿದ್ದರೆ ಪ್ರೀತಿ, ಮತ್ತೆ ಯಾರು ಏನು ಮಾಡುತ್ತಾರೆ ಅಂತ ಮೊದಲೇ ಯಾರೂ ನೋಡುವ ಹಾಗಿಲ್ಲ, ನಾನೂ ಸಹ. ಈಗ ವೇದಿಕೆಯ ಮೇಲೆ ಲೆಕ್ಕದ ಮೇಷ್ಟ್ರಾದವನು ಪ್ಯಾಂಟನ್ನು ಎದೆಯವರೆಗೆ ಎಳೆದುಕೊಂಡು ಬೋರ್ಡಿಗೆ ಗುದ್ದುತ್ತಿದ್ದಾನೆ, ನಾನೆಲ್ಲಿ ಅಷ್ಟು ಮೇಲಕ್ಕೆ ಎಳೀತೀನಿ ಅಂತ ನಿಜವಾದ ಲೆಕ್ಕದ ಮೇಷ್ಟ್ರು ಆಯಮ್ಮನನ್ನು ಕೇಳುತ್ತಾರೆ, ಇನ್ನೊಂದು ಗೇಣು ಮೇಲಕ್ಕೆ ಸಾರ್, ಹುಡುಗ ಮರ್ಯಾದೆಗೆ ಅಷ್ಟಕ್ಕೇ ಬಿಟ್ಟಿದಾನೆ ಅನ್ನುತ್ತಾಳೆ ಆಯಮ್ಮ. ನಗು, ಧೂಳು, ಸೀಮೆಸುಣ್ಣದ ವಾಸನೆ — ಮಗಳ ಅಪ್ಪ ಮನೆ ಬಿಟ್ಟು ಹೋದ ವರ್ಷವೂ ಇದೇ ವಾಸನೆ, ಆ ವರ್ಷ ನನ್ನ ವೇಷ ಹಾಕಿದ ಹುಡುಗ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಎತ್ತಿ ಹಾಗೇ ನಿಂತ, ಏನೂ ಬರೆಯಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು, ನಿಂತೇ ಇದ್ದ, ನಾನು ಹಾಗೆ ನಿಲ್ಲುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ, ಮಕ್ಕಳಿಗೆ ಗೊತ್ತಿತ್ತು. ಆಗ ಇವಳ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು, ಬೆವೆತ ಬೆಚ್ಚನೆ ಕೈ, ಸಂಜೆ ನನ್ನ ಜೊತೆ ಮನೆಗೆ ಬಂದು ಮಗಳಿಗೆ ಉಣ್ಣಿಸಿದಳು, ನಾನಿದೀನಲ್ಲೇ, ಯಾಕೆ ಯಾರೂ ಇಲ್ಲ ಅಂದ್ಕೋತೀಯ. ಸುಳ್ಳಲ್ಲ ಅದು, ಆ ಕೈ ಸುಳ್ಳಲ್ಲ, ಅದನ್ನು ನಾನು ಹೇಗೆ ಸುಳ್ಳು ಅನ್ನಲಿ.

ಮುಂದಿನ ಸಾಲಿನಲ್ಲಿ ಮಗಳ ಜಡೆ ಕಾಣುತ್ತಿದೆ, ಮೂರನೇ ಕ್ಲಾಸಿನ ಮಕ್ಕಳ ನಡುವೆ, ಎಡಗಡೆಯದು ಸ್ವಲ್ಪ ಮೇಲೆ, ಅವಸರದಲ್ಲಿ ಹಾಕಿದ್ದು, ಬರುವ ವರ್ಷದಿಂದ ಅದನ್ನೂ ಹಾಕುವ ಹಾಗಿಲ್ಲ, ನಮ್ಮ ಶಾಲೆಯ ಊರಾಚೆಯ ಬ್ರಾಂಚಿಗೆ ನನ್ನನ್ನು ಹಾಕಿದ್ದಾರೆ, ಅಲ್ಲಿಗೆ ಎರಡು ಬಸ್ಸು, ಅವಳು ಏಳುವ ಮೊದಲೇ ನಾನು ಹೊರಡಬೇಕು, ಅಮ್ಮ ನನ್ನ ಯಾರು ಏಳಿಸ್ತಾರೆ ಅಂತ ಕೇಳಿದಳು, ಅಲಾರಂ ಅಂದೆ, ಅಲಾರಂಗೆ ಜಡೆ ಹಾಕಕ್ಕೆ ಬರಲ್ಲ ಅಂದಳು. ಹೋದ ವಾರ ಆಯಮ್ಮ ಬಂದು ಹೆಡ್ ಮಿಸ್ ಕರೀತಿದಾರೆ ಅಂದಾಗ ಹಾಜರಿ ಕೂಗುತ್ತಿದ್ದವಳು ಹಾಗೇ ಎದ್ದು ಹೋದೆ, ಬಾಗಿಲು ತೆಗೆದರೆ ಇವಳ ಕನ್ನಡಕದ ಎರಡೂ ಗಾಜು ಮಂಜು ಮಂಜು, ಹಿಂದಿನ ಕಣ್ಣೇ ಕಾಣುತ್ತಿರಲಿಲ್ಲ, ಅಯ್ಯೋ ಅಳ್ತಿದಾಳೆ ಅಂದುಕೊಂಡು ನಾನೇ ಓಡಿದೆ, ಇವಳು ಕನ್ನಡಕ ತೆಗೆದು ತಾನು ಯಾವಾಗಲೂ ಹೊದೆಯುವ ಕಂದು ಶಾಲಿನ ತುದಿಯಿಂದ ಒರೆಸುತ್ತಾ, ಒಬ್ಬರು ಬ್ರಾಂಚಿಗೆ ಹೋಗಲೇಬೇಕಂತೆ ಕಣೇ, ಸೆಕ್ರೆಟರಿ ನಿನ್ನ ಹೆಸರು ಹಾಕಿದಾರೆ, ಎಷ್ಟು ಬೇಡಿಕೊಂಡೆ, ಕೇಳಲಿಲ್ಲ ಅಂದಳು, ನಾನು ನನ್ನ ಬಾಟಲಿಯ ನೀರು ಕುಡಿಸಿದೆ, ಹೋಗಲಿ ಬಿಡೇ, ನೀನೇನು ಮಾಡ್ತೀಯ ಅಂತ ಬೆನ್ನು ಸವರಿದೆ, ಬೆಂಚಿನ ಮೇಲೆ ಜ್ವರದ ಮಗು ಮಲಗಿದೆ, ಮೆಲ್ಲಗೆ ಅಳು ಅಂತ ತಮಾಷೆ ಬೇರೆ ಮಾಡಿದೆ. ಮನೆಗೆ ಬಂದು ಮಗಳಿಗೆ ಹೇಳಿದೆ, ಹೆಡ್ ಮಿಸ್ ನಮಗೋಸ್ಕರ ಎಷ್ಟು ಅತ್ತರು ಗೊತ್ತಾ.

ಪರದೆ ಅಲುಗಿತು, ಬಂದಳು ಗುಬ್ಬಿ, ಹಾಗಂತ ಕರೆಯುವುದು ಇಡೀ ಕ್ಲಾಸು, ಮೈಯೆಲ್ಲ ಕಂದು ಶಾಲು, ಮೂಗಿನ ಮೇಲೆ ಕನ್ನಡಕ, ಎರಡೂ ಅಮ್ಮನಿಂದ ತಂದದ್ದಂತೆ, ಶಾಲಿಗೆ ಪಿನ್ನು ಹಾಕಿದ್ದು ನಾನೇ, ಹೆಡ್ ಮಿಸ್ ಆಗ್ತೀಯಲ್ಲ, ಸರಿಯಾಗಿ ನೋಡಿದೀಯಾ ಅಂತ ಕೇಳಿದ್ದಕ್ಕೆ, ಜ್ವರ ಬಂದ ದಿನ ಅವರ ರೂಮಲ್ಲೇ ಮಲಗಿದ್ನಲ್ಲ ಮಿಸ್, ನಿದ್ದೆನೇ ಬರಲಿಲ್ಲ, ಎಲ್ಲಾ ನೋಡಿದೀನಿ ಅಂದಿದ್ದಳು. ಆ ನಡಿಗೆ, ಹಿಮ್ಮಡಿ ಎಳೆಯುವ ಆ ನಡಿಗೆ, ಹಾಲ್ ಕೂಡಲೇ ಗುರುತು ಹಿಡಿದು ಹೋ ಅಂತು, ಇವಳೂ ನಗುತ್ತಾ ನನ್ನ ತೊಡೆಗೆ ಹೊಡೆದಳು, ನೋಡೇ, ಪುಟ್ಟ ನಾನು. ಪುಟ್ಟ ಹೆಡ್ ಮಿಸ್ ಕುರ್ಚಿಯಲ್ಲಿ ಕೂತು ಫೋನು ಎತ್ತಿದಳು, ನಮಸ್ಕಾರ ಸರ್, ಹೇಳಿ ಸರ್, ಬ್ರಾಂಚಿಗಾ, ಚಿಕ್ಕ ಮಿಸ್ ಬೇಡ ಸರ್, ಅವರ ಮನೆಯವರು ಬಂದು ಬಾಯಿ ಮಾಡ್ತಾರೆ, ಲೆಕ್ಕದ ಮೇಷ್ಟ್ರಾ, ಅವರು ಕೋರ್ಟು ಗೀರ್ಟು ಅಂತಾರೆ ಸರ್ — ಲೆಕ್ಕದ ಮೇಷ್ಟ್ರು ಚಪ್ಪಾಳೆ ತಟ್ಟಿದರು, ಎಲ್ಲರೂ ನಗುತ್ತಿದ್ದಾರೆ, ನಾನೂ ನಗುತ್ತಿದ್ದೇನೆ, ನಗುತ್ತಲೇ ಇದ್ದೇನೆ — ಐದನೇ ಕ್ಲಾಸ್ ಮಿಸ್ ಹೆಸರು ಹಾಕಿಬಿಡಿ ಸರ್, ಅವಳು ಜಗಳ ಮಾಡಲ್ಲ, ನನ್ನ ಫ್ರೆಂಡೇ, ನಾನು ಹೇಳಿದ್ರೆ ಕೇಳ್ತಾಳೆ, ಪಾಪ, ಹಿಂದೆ ಮುಂದೆ ಯಾರೂ ಇಲ್ಲ ಅವಳಿಗೆ. ನನ್ನ ತೊಡೆ ತಟ್ಟುತ್ತಿದ್ದ ಇವಳ ಕೈ ನಿಂತಿತು. ಯಾರೂ ಇಲ್ಲ, ಹೌದು, ಅದು ಇವಳಿಗಲ್ಲದೆ ಇನ್ಯಾರಿಗೆ ಗೊತ್ತು, ನಾನೇ ಹೇಳಿದ್ದು, ಇವಳ ಮಡಿಲಲ್ಲಿ ತಲೆಯಿಟ್ಟು ಹೇಳಿದ್ದು, ಅದನ್ನು ಜೋಪಾನವಾಗಿಟ್ಟುಕೊಂಡು ಬೇಕಾದಾಗ ತೆಗೆದಳು. ಗುಬ್ಬಿ ಫೋನು ಇಟ್ಟಳು, ಆಯಮ್ಮ, ಐದನೇ ಕ್ಲಾಸ್ ಮಿಸ್ಸನ್ನ ಕರೀರಿ ಅಂದಳು, ಆಮೇಲೆ ಬಾಗಿಲ ಕಡೆ ಕಿವಿ ಇಟ್ಟು ಕೇಳಿದಳು, ಹೆಜ್ಜೆ ಹತ್ತಿರವಾದ ಹಾಗೆ ಕನ್ನಡಕ ತೆಗೆದು ಬಾಯಿಯ ಹತ್ತಿರ ಹಿಡಿದು, ಹಾ, ಒಂದು ಗಾಜಿಗೆ, ಹಾ, ಇನ್ನೊಂದಕ್ಕೆ, ಒರೆಸದೆ ಹಾಗೇ ಮೂಗಿಗೇರಿಸಿ ಮುಖ ಮೇಲೆತ್ತಿದಳು, ಎರಡು ಬಿಳಿ ಬಿಲ್ಲೆ. ಚಿಕ್ಕ ಮಕ್ಕಳು ಬಿದ್ದು ಬಿದ್ದು ನಕ್ಕರು. ಲೆಕ್ಕದ ಮೇಷ್ಟ್ರು ತಲೆ ತಗ್ಗಿಸಿ ಜಮಖಾನ ನೋಡಿದರು. ಮುಂದಿನ ಸಾಲಿನ ಆ ವಾರೆ ಜಡೆ ಮೆಲ್ಲಗೆ ತಿರುಗಿತು, ಮಗಳು ನನ್ನನ್ನು ನೋಡಿದಳು, ಆಮೇಲೆ ಇವಳನ್ನು, ಮತ್ತೆ ನನ್ನನ್ನು, ಬೇಡ ಮಗಳೇ, ಆ ಕಡೆ ನೋಡು, ನಾಟಕ ನೋಡು. ಮಕ್ಕಳು ಏನೇನೋ ಸೇರಿಸಿ ಹೇಳ್ತಾವೆ ಕಣೇ, ಮನಸಿಗೆ ಹಚ್ಕೋಬೇಡ ಅನ್ನುತ್ತಿದೆ ಇವಳ ಸ್ವರ, ಕಿವಿಯ ಹತ್ತಿರ, ಬೆಚ್ಚಗೆ. ಸೇರಿಸಿದರೆ ಅಣಕ, ನಾನೇ ಹೇಳಿಕೊಟ್ಟದ್ದು. ವೇದಿಕೆಯ ಅಂಚಿಗೆ ಬಂದು ಗುಬ್ಬಿ ಕಣ್ಣಲ್ಲೇ ನನ್ನನ್ನು ಹುಡುಕುತ್ತಿದ್ದಾಳೆ, ಸರಿಯಾಯ್ತಾ ಮಿಸ್, ವೇಷ ಹಾಕಿದ ಎಲ್ಲ ಮಕ್ಕಳೂ ಕೊನೆಗೆ ನನ್ನನ್ನೇ ನೋಡುತ್ತಾರೆ, ನಾನು ಒಮ್ಮೆ ತಲೆದೂಗಲಿ ಅಂತ ಕಾಯುತ್ತಾರೆ, ದೂಗದಿದ್ದರೆ ರಾತ್ರಿಯೆಲ್ಲ ಅಳುವ ಮಗು ಅದು, ತಲೆ ಭಾರ, ಕಲ್ಲು, ಆದರೂ ದೂಗುತ್ತೇನೆ, ಹೌದು ಕಂದ, ಸರಿಯಾಗಿದೆ, ಏನೂ ಸೇರಿಸಿಲ್ಲ ನೀನು, ಆ ಮುಖ ಅರಳುತ್ತದೆ, ಚಪ್ಪಾಳೆ, ಈಗ ಏಳಬೇಕು, ಯಾರಾದರೂ ಕೈ ಕೊಡಬೇಕು, ಪಕ್ಕದಿಂದ ಕೈ ಬರುತ್ತದೇನೋ ಅಂತ ತಿರುಗುತ್ತೇನೆ, ಇವಳ ಕೈ ನನ್ನ ಕಡೆ ಬರಲಿಲ್ಲ, ಮುಖದ ಕಡೆ ಹೋಯಿತು, ಕನ್ನಡಕ ತೆಗೆದಳು, ಒಣಗಿದ ಕಣ್ಣು, ತುಟಿ ತೆರೆಯಿತು, ಹಾ, ಒಂದು ಗಾಜು ಬೆಳ್ಳಗಾಯಿತು, ಹಾ —