ನೀಲಗಂಗಮ್ಮನ ಎಡ ಕೋರೆಹಲ್ಲು

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ, ಮೊದಲನೇ ಮಹಡಿಯಲ್ಲಿ ನಮ್ಮ ಲ್ಯಾಬ್ ಇದೆ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ನಾವು ಅದಕ್ಕೆ ಹಲ್ಲಿನ ಸೆಟ್ಟು ಮಾಡಿ ವಾಪಸ್ ಕಳಿಸುತ್ತೇವೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಸಾವಿರಾರು ಬಾಯಿ ಹಾದುಹೋಗಿವೆ. ಒಂದು ಮುಖವನ್ನೂ ನಾನು ನೋಡಿರಲಿಲ್ಲ. ಚೀಟಿಯಲ್ಲಿ ಹೆಸರು, ವಯಸ್ಸು, ಮೇಲಿನದೋ ಕೆಳಗಿನದೋ, ಅಷ್ಟೇ.

ಲ್ಯಾಬಿನಿಂದ ಆಚೆ ಹೋಗುವ ಎಲ್ಲದಕ್ಕೂ ಕೊನೆಯ ಕಣ್ಣು ನನ್ನದು. ನನಗೆ ಸರಿ ಕಾಣದಿದ್ದರೆ ಒಡೆದುಹಾಕುತ್ತೇನೆ. ಮೊಸರಲ್ಲಿ ಕಲ್ಲು ಹುಡುಕುತ್ತಾಳೆ ಅಂತ ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುವುದು ಗೊತ್ತು. ಕಲ್ಲಿದ್ದರೆ ಹುಡುಕಬೇಕು, ಅದರಲ್ಲೇನು ತಪ್ಪು? ಕೆಲಸಕ್ಕೆ ಸೇರಿದ ವರ್ಷ ನಾನು ಮಾಡಿದ ಸೆಟ್ಟೊಂದು ಯಾರದೋ ವಸಡನ್ನು ಹುಣ್ಣು ಮಾಡಿ ವಾಪಸ್ ಬಂದಿತ್ತು. ಆಗಿನ ಯಜಮಾನರು ಎಲ್ಲರೆದುರು ಅದನ್ನು ನನ್ನ ಮೇಜಿನ ಮೇಲೆ ಎಸೆದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಮೂರು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದೆ. ಗದಗದ ಕಡೆಯಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿರುವ ಸಿದ್ದಾರೂಢ, ನಮ್ಮಲ್ಲಿ ಒಳ್ಳೆಯ ಕೈ ಇರುವ ಟೆಕ್ನಿಷಿಯನ್, ಎರಡು ದಿನ ಕೂತು ಮಾಡಿದ್ದ ಸೆಟ್ಟನ್ನು ಅವನ ಕಣ್ಣೆದುರೇ ಸುತ್ತಿಗೆಯಲ್ಲಿ ಒಡೆದೆ. ಅವತ್ತಿನಿಂದ ಮಧ್ಯಾಹ್ನ ಎಲ್ಲರೂ ಊಟ ಮಾಡುವ ಒಳಗಿನ ಕೋಣೆಗೆ ನಾನು ಹೋದರೆ ಅಲ್ಲಿ ಮಾತು ನಿಲ್ಲುತ್ತದೆ. ಹಾಗಾಗಿ ನನ್ನ ಮೇಜಿನ ಮೇಲೇ, ಪ್ಲಾಸ್ಟರ್ ಬಾಯಿಗಳ ಮಧ್ಯೆ, ಮೊಸರನ್ನ ತಿನ್ನುತ್ತೇನೆ. ಸಂಜೆ ಕತ್ರಿಗುಪ್ಪೆಯ ಮನೆಯ ಬೀಗ ತೆಗೆದರೆ ಅಲ್ಲೂ ನಾನೊಬ್ಬಳೇ. ಒಂಟಿತನ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ಸುಳ್ಳು.

ಡಾಕ್ಟರ್ ಪ್ರಕೃತಿ ಕಳಿಸಿದ ಡಬ್ಬಿಯೊಂದರ ಚೀಟಿ ಹೀಗಿತ್ತು: ನೀಲಗಂಗಮ್ಮ, ಎಪ್ಪತ್ತೊಂದು, ಮೇಲಿನದು ಕೆಳಗಿನದು ಎರಡೂ. ಹಳೆಯ ಸೆಟ್ಟು ಸಿಂಕಿನಲ್ಲಿ ಬಿದ್ದು ಒಡೆದಿತ್ತಂತೆ. ಹದಿನೈದು ದಿನದ ಕೆಲಸ. ನಾನು ಮೇಣದಲ್ಲಿ ಹಲ್ಲು ಜೋಡಿಸಿದ್ದನ್ನು ಒಂದು ಸಲ ಕಿತ್ತು ಮತ್ತೆ ಜೋಡಿಸಿದೆ. ಮೇಣದ ಜಾಗಕ್ಕೆ ಅಕ್ರಿಲಿಕ್ ತುಂಬಿ, ಬೇಯಿಸಿ ಗಟ್ಟಿಯಾದ ಮೇಲೆ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಕಂಡಿತು. ಒಡೆದು ಮೊದಲಿನಿಂದ ಶುರು ಮಾಡಿದೆ. ಎರಡು ತಿಂಗಳಾಯಿತು.

ಆ ಶನಿವಾರ ಈಗಿನ ಯಜಮಾನರಾದ ವೆಂಕಟಾಚಲ ನನ್ನ ಮೇಜಿನ ಹತ್ತಿರ ಬಂದು ನಿಂತರು. ಜೋರು ಮಾತಿನ ಮನುಷ್ಯರಲ್ಲ.

"ಜಯಶೀಲಾ ಅವ್ರೇ, ಡಾಕ್ಟರ್ ಪ್ರಕೃತಿ ಮೂರನೇ ಸಲ ಫೋನ್ ಮಾಡಿದ್ರು. ಇವತ್ತು ಆ ಸೆಟ್ಟು ಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಚೆಕಿಂಗ್ ಸಿದ್ದಾರೂಢ ಮಾಡ್ತಾನೆ. ನೀವು ಬೇಜಾರು ಮಾಡ್ಕೋಬೇಡಿ."

"ನಾನೇ ತಗೊಂಡು ಹೋಗ್ತೀನಿ ಸಾರ್" ಅಂದೆ.

ಒಳ್ಳೆಯ ಮನಸ್ಸಿನಿಂದ ಅಂದದ್ದಲ್ಲ. ಬಾಯಿಯಲ್ಲಿ ಕೂತ ಮೇಲೊಂದು ಸಲ ನೋಡಬೇಕು, ಸರಿಯಿಲ್ಲದಿದ್ದರೆ ವಾಪಸ್ ತರಬೇಕು ಅನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ಚೆಕಿಂಗ್ ಹೋದರೂ ಹೋಗಲಿ, ತಪ್ಪು ಕೆಲಸ ನನ್ನ ಹೆಸರಲ್ಲಿ ಹೋಗಬಾರದು.

ಕ್ಲಿನಿಕ್ ಎರಡು ರಸ್ತೆ ಆಚೆ. ಕುರ್ಚಿಯಲ್ಲಿ ಕೂತಿದ್ದ ಮುದುಕಿ ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನನ್ನ ಮೇಜಿನ ಮೇಲೆ ಎರಡು ತಿಂಗಳು ಇದ್ದ ಬಾಯಿಗೆ ಕಣ್ಣೂ ಇದೆ, ಹಣೆಯ ಮೇಲೆ ವಿಭೂತಿಯೂ ಇದೆ ಎಂದು ನೋಡಿ ನನಗೆ ಯಾಕೋ ನಾಚಿಕೆಯಾಯಿತು. ಕೆನ್ನೆ ಒಳಕ್ಕೆ ಹೋಗಿತ್ತು.

"ಇವರೇ ಅಮ್ಮ, ನಿಮ್ಮ ಹಲ್ಲು ಮಾಡಿದ್ದು" ಅಂದರು ಡಾಕ್ಟರ್.

"ನೀವ ಏನ್ರಿ?" ಅಂದರು ಮುದುಕಿ, ಸೆರಗಿನ ಹಿಂದಿನಿಂದಲೇ. "ಎರಡ ತಿಂಗಳಾತ್ರಿ ಗಂಜಿ ಕುಡ್ಯಾಕತ್ತಿ. ಎಲ್ಲಾರೂ ಉಣ್ಣಾಕ ಕುಂತ್ರ ನಾ ಎದ್ದು ಹೊರಗ ಹೋಗಿ ಕುಂದರ್ತೀನ್ರಿ. ನೋಡಾಕ ಆಗಂಗಿಲ್ಲ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವರು ಬೈಯಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಆಚೆ ಹೋಗಿ ಕೂರುವುದು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರ್ ಸೆಟ್ಟು ಕೂರಿಸಿದರು. ಮೇಲಿನದು, ಕೆಳಗಿನದು. ಕಚ್ಚಿಸಿದರು, ಮಾತಾಡಿಸಿದರು. ದೀಪದ ಬೆಳಕಲ್ಲಿ ನಾನು ಬಗ್ಗಿ ನೋಡಿದೆ. ಎಡಗಡೆಯ ಕೋರೆಹಲ್ಲು ಅರ್ಧ ಕೂದಲೆಳೆ ಆಚೆಗೆ ನಿಂತಿತ್ತು.

"ಡಾಕ್ಟರ್, ಎಡಗಡೆ ಕೋರೆ..."

"ಕಚ್ಚೋಕೇನೂ ತೊಂದರೆ ಇಲ್ಲ ಮೇಡಂ. ಯಾರಿಗೂ ಕಾಣಲ್ಲ."

"ನನಗೆ ಕಾಣ್ತಿದೆ." ಕೈ ತಾನಾಗಿ ಮುಂದೆ ಹೋಯಿತು. "ಅಮ್ಮ, ತೆಗೆದುಕೊಡಿ. ಇನ್ನು ಹತ್ತೇ ದಿನ, ಸರಿ ಮಾಡಿ ಕೊಡ್ತೀನಿ."

ಮುದುಕಿ ನನ್ನ ಕೈ ನೋಡಿದರು. ಆಮೇಲೆ, ಔಷಧಿ ಬೇಡ ಅನ್ನುವ ಮಗುವಿನ ಹಾಗೆ, ಬಾಯಿ ಬಿಗಿಯಾಗಿ ಮುಚ್ಚಿಕೊಂಡರು. ಎರಡೂ ಕೈ ತುಟಿಯ ಮೇಲೆ ಅಡ್ಡ ಇಟ್ಟರು. ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ಆ ಕಣ್ಣಲ್ಲಿದ್ದದ್ದು ಹೆದರಿಕೆ, ನನ್ನನ್ನು ಕಂಡ ಹೆದರಿಕೆ. ಇಷ್ಟು ವರ್ಷ ಒಳ್ಳೆಯ ಕೆಲಸ ಅಂದುಕೊಂಡು ನಾನು ಸಂಪಾದಿಸಿದ್ದು ಇದನ್ನೇ ಏನೋ. ಕೈ ಹಿಂದಕ್ಕೆ ತೆಗೆದುಕೊಂಡೆ.

"ಬೇಡ ಬಿಡಿ ಅಮ್ಮ" ಅಂದೆ. "ಇರ್ಲಿ. ನಿಮ್ಮದೇ ಅದು."

ಆಗ ಅವರು ಕೈ ಇಳಿಸಿದರು. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದರು. ಒಳಗೆ ಮೆತ್ತಗಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮೊದಲ ದಿನ ಮೆತ್ತಗಿನ ಅನ್ನ ತಿನ್ನಿ ಎಂದು ಡಾಕ್ಟರ್ ಹೇಳುತ್ತಲೇ ಇದ್ದರು. ಮುದುಕಿ ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡು ಅಗಿದರು. ನಾನು ಮಾಡಿದ ಹಲ್ಲಿನಿಂದ ಒಬ್ಬರು ತಿನ್ನುವುದನ್ನು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನೋಡಿದೆ. ಅಗಿಯುತ್ತಿದ್ದಂತೆ ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

"ತಗೋರಿ" ಎಂದು ಉಳಿದ ಒಂದು ರೊಟ್ಟಿಯನ್ನು ಮಡಚಿ ನನ್ನ ಕೈಗಿಟ್ಟರು. "ಒಬ್ಬಾಕಿನ ತಿನ್ನಬ್ಯಾಡ್ರಿ, ಎಲ್ಲಾರ ಕೂಡ ಉಣ್ರಿ."

ಲ್ಯಾಬಿಗೆ ಬಂದಾಗ ಒಂದೂವರೆ. ಒಳಕೋಣೆಯಲ್ಲಿ ಊಟದ ಡಬ್ಬಿಗಳ ಸದ್ದು, ನಗು. ನಾನು ಬಾಗಿಲಲ್ಲಿ ನಿಂತೆ. ಮಾತು ನಿಂತಿತು. ವಾಪಸ್ ನನ್ನ ಮೇಜಿಗೆ ಹೋಗಿಬಿಡೋಣ ಅನ್ನಿಸಿತು. ಕೈಯಲ್ಲಿ ರೊಟ್ಟಿ ಇನ್ನೂ ಬೆಚ್ಚಗಿತ್ತು.

"ಇವತ್ತು ಒಂದು ತಪ್ಪು ಕಳಿಸಿಬಿಟ್ಟೆ" ಅಂದೆ.

ಸಿದ್ದಾರೂಢ ತಲೆಯೆತ್ತಿದ. "ಎಷ್ಟ್ ತಪ್ಪ್ರಿ ಮೇಡಂ?"

"ಅರ್ಧ ಕೂದಲೆಳೆ. ಎಡಗಡೆ ಕೋರೆ." ಒಂದು ಹೆಜ್ಜೆ ಒಳಗಿಟ್ಟೆ. "ಅವತ್ತು ನಿನ್ನ ಸೆಟ್ಟಲ್ಲೂ ಅಷ್ಟೇ ಇದ್ದಿದ್ದು, ಸಿದ್ದಾರೂಢ. ನಾನು ಒಡೀಬಾರದಿತ್ತು."

ಅವನು ತನ್ನ ಡಬ್ಬಿಯನ್ನು ಸ್ವಲ್ಪ ಸರಿಸಿ ಬೆಂಚಿನ ತುದಿಯಲ್ಲಿ ಜಾಗ ಮಾಡಿದ. ನೆಟ್ಟಗೆ ಕೂರುವಷ್ಟು ಜಾಗ ಇರಲಿಲ್ಲ. ಓರೆಯಾಗಿ ಕೂತು ರೊಟ್ಟಿ ಮುರಿದೆ.